ನಿಜನಾಮವೂ ಕಲ್ಪಿತನಾಮವೂ

ಹೆಸರನ್ನು ಮರೆಸಿ ಮಾತನಾಡುವವನು ಹೇಡಿಯೆಂಬುದು ಲೋಕದ ಸಾಮಾನ್ಯಾಭಿಪ್ರಾಯ. ಸಾಮಾಜಿಕ ಜಾಲತಾಣಗಳ ಒಡೆಯರಲ್ಲಿ ಕೆಲವರು ಇದನ್ನೇ ಕಟ್ಟಳೆಯಾಗಿಸಿ, ನಿಜನಾಮವಿಲ್ಲದವರಿಗೆ ಪ್ರವೇಶವಿಲ್ಲವೆಂದು ಸಾರಿದರು. ಮೋರೆ ಕಂಡರೆ ನಾಲಗೆಗೆ ಲಗಾಮು ಬೀಳುವುದೆಂಬುದು ಅವರ ವಾದ. ಮೇಲ್ನೋಟಕ್ಕೆ ಇದು ಒಪ್ಪತಕ್ಕ ಮಾತೇ ಸರಿ.

ಆದರೆ ಈ ವಾದವನ್ನು ಒಂದು ರಾಷ್ಟ್ರವೇ ಪರೀಕ್ಷಿಸಿ ನೋಡಿದೆ. ದಕ್ಷಿಣ ಕೊರಿಯಾದಲ್ಲಿ 2007ರಿಂದ, ದೊಡ್ಡ ಜಾಲತಾಣಗಳಲ್ಲಿ ಬರೆಯುವವರು ಮೊದಲು ತಮ್ಮ ಗುರುತನ್ನು ರುಜುವಾತುಪಡಿಸಬೇಕೆಂದು ವಿಧಿಸಲಾಯಿತು. 2011ರಲ್ಲಿ ಕಳ್ಳರು ಅಲ್ಲಿಯ ಒಂದು ಕಂಪೆನಿಯ ಮಾಹಿತಿಭಂಡಾರಕ್ಕೆ ಕನ್ನವಿಕ್ಕಿ ಸುಮಾರು 3.5 ಕೋಟಿ ಖಾತೆಗಳ ವಿವರಗಳನ್ನು ಹೊತ್ತೊಯ್ದರು. ಆ ದೇಶದ ಜನಸಂಖ್ಯೆಯೇ ಸುಮಾರು 5 ಕೋಟಿ! ಬೈಗುಳವಾದರೂ ನಿಂತಿತೆ? ಅಕ್ರಮ ಬರಹಗಳು ಗಣನೀಯವಾಗಿ ತಗ್ಗಿದುದಕ್ಕೆ ಸಾಕ್ಷ್ಯವಿಲ್ಲವೆಂದು ಕಂಡು, ಸಂವಿಧಾನ ನ್ಯಾಯಾಲಯವು 2012ರ ಆಗಸ್ಟಿನಲ್ಲಿ ಆ ವಿಧಿಯನ್ನು ಒಮ್ಮತದಿಂದ ತೊಡೆದುಹಾಕಿತು.

ಇನ್ನು, ನಿಜನಾಮವೆಂದರೆ ಯಾವುದು? 2011ರಲ್ಲಿ ಫೇಸ್‌ಬುಕ್ಕು ಸಲ್ಮಾನ್ ರಶ್ದಿಯವರ ಹೆಸರನ್ನು ರಹದಾರಿಯಲ್ಲಿದ್ದಂತೆ ಅಹ್ಮದ್ ಎಂದು ತಿದ್ದಿತು. ಗ್ರಂಥಗಳ ಮೇಲಿನ ಹೆಸರು ಸುಳ್ಳಾಯಿತು, ಬಳಕೆಯಲ್ಲಿಲ್ಲದುದು ನಿಜವಾಯಿತು. ಅವರು ಪ್ರಸಿದ್ಧರಾದುದರಿಂದ ತೊಡಕು ಬೇಗನೆ ಬಗೆಹರಿಯಿತು. 2014ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಸ್ತ್ರೀವೇಷಧಾರಿ ಕಲಾವಿದರು ರಂಗನಾಮದ ಖಾತೆಗಳನ್ನು ಕಳೆದುಕೊಂಡಾಗ, ಕಂಪೆನಿಯ ಕ್ಷಮಾಪಣೆಗೆ ದೊಡ್ಡ ಪ್ರತಿಭಟನೆಯೇ ಬೇಕಾಯಿತು. ನೂರಾರು ಖಾತೆಗಳ ಮೇಲೆ ದೂರಿತ್ತವನು ಒಬ್ಬನೇ ವ್ಯಕ್ತಿಯೆಂದು ಕಂಪೆನಿಯೇ ಹೇಳಿತು. ದೂರುಗಾರ ಯಾರೆಂಬುದನ್ನು ಆ ತಾಣವು ದೂರಿಗೆ ಗುರಿಯಾದವರಿಗೆ ತಿಳಿಸುವುದಿಲ್ಲ. ನಿಜನಾಮದ ಕಾವಲು ಹೀಗೆ ಅನಾಮಧೇಯರ ಕೈಗೆ ಸೇರಿತ್ತು.

ಕನ್ನಡಿಗರಿಗೆ ಎರಡನೆಯ ಹೆಸರು ಹೊಸದಲ್ಲ. ನಂದಳಿಕೆಯ ಲಕ್ಷ್ಮೀನಾರಣಪ್ಪನು ಮುದ್ದಣನಾದನು, ಬೇಂದ್ರೆಯವರು ಅಂಬಿಕಾತನಯದತ್ತರಾದರು. ಆದರೆ ಅಂಬಿಕಾತನಯದತ್ತನೆಂಬ ಹೆಸರು ದಿನಕ್ಕೊಂದರಂತೆ ಬದಲಾಗಲಿಲ್ಲ. ಹೊಗಳಿಕೆಯೂ ತೆಗಳಿಕೆಯೂ ಅದರ ಲೆಕ್ಕಕ್ಕೇ ಜಮೆಯಾದವು. ಬಹುಕಾಲ ಧರಿಸಿದ ಕಲ್ಪಿತನಾಮಕ್ಕೂ ಕಳೆದುಕೊಳ್ಳತಕ್ಕ ಮಾನವೊಂದುಂಟು. ಬೆಳಗ್ಗೆ ಹುಟ್ಟಿ ಒಬ್ಬಳು ಹೆಣ್ಣುಮಗಳನ್ನು ಹೀಯಾಳಿಸಿ ಸಂಜೆಗೆ ಮಾಯವಾಗುವ ಹೆಸರಿಗೆ ಅದು ಇಲ್ಲ. ನೀತಿಯ ದೃಷ್ಟಿಯಿಂದ ಈ ಭೇದವೇ ಮುಖ್ಯವಾದುದು. ಜನನಪತ್ರವು ಇದನ್ನು ತೋರಿಸಲಾರದು. ಅಪರಾಧವಾದಲ್ಲಿ ಮುಸುಕು ತೆಗೆಯಿಸಲು ನ್ಯಾಯಾಲಯವಿದೆ. ಆದರೆ ಗಂಡನ ಹೊಡೆತಕ್ಕೆ ಅಂಜಿ ಮನೆ ಬಿಟ್ಟು, ಬೇರೊಂದು ಹೆಸರಿನಿಂದ ನೆರವು ಕೇಳುವವಳ ಮುಸುಕನ್ನು ಮೊದಲೇ ಕಿತ್ತರೆ, ಅವಳಿರುವ ಊರನ್ನು ಅವನಿಗೆ ತೋರಿಸಿಕೊಟ್ಟಂತೆಯೇ ಆಗುವುದು.