ಬಾವಲಿಗೆ ಯಾರೂ ಹಕ್ಕುಪತ್ರ ಕೇಳುವುದಿಲ್ಲ

ಮನೆ ಅವನದೇ. ಜಾಗ ಅವನದೇ. ದುಡ್ಡೂ ಅವನದೇ. ಆದರೂ ಇಂಗ್ಲೆಂಡಿನಲ್ಲಿ ಒಬ್ಬ ತನ್ನ ಹಳೇ ಮನೆಯ ಮಾಡು ಬಿಚ್ಚಿ ಇನ್ನೊಂದು ಅಂತಸ್ತು ಏರಿಸುತ್ತೇನೆಂದು ಕೌನ್ಸಿಲಿಗೆ ಅರ್ಜಿ ಹಾಕಿದರೆ, ಅದು ಬಾವಲಿ ಸೇರಿಕೊಳ್ಳುವಂಥ ಕಟ್ಟಡವಾಗಿದ್ದರೆ, ಅವನು ಮೊದಲು ಒಂದು ಪ್ರಶ್ನೆಗೆ ಉತ್ತರ ತರಬೇಕು: ಈ ಮಾಡಿನ ಸಂದಿಯಲ್ಲಿ ಬಾವಲಿ ವಾಸ ಇದೆಯೋ ಇಲ್ಲವೋ?

ಇದನ್ನು ಮೊದಲು ಓದಿದಾಗ ನಮಗೆ ನಗು ಬಂತು. ಹಟ್ಟಿಯಲ್ಲಿ ಹೇಳಿದಾಗ ಅಜ್ಜಿಯೊಬ್ಬರು, "ಅಲ್ಲಿ ಬಾವಲಿಗೂ ಒಬ್ಬ ತಾಸೀಲ್ದಾರ ಅವ್ನೇನ್ರಪ್ಪಾ?" ಅಂದರು. ಎಲ್ಲರೂ ನಕ್ಕೆವು. ನಕ್ಕ ಮೇಲೆ ಎಲ್ಲರೂ ಸುಮ್ಮನಾದೆವು. ಗುಡಿಸಲು ಕೀಳಿಸುವ ಮುಂಚೆ ಒಳಗೆ ಯಾರಿದ್ದೀರಿ ಅಂತ ಕೇಳಿದ ಅಧಿಕಾರಿಯನ್ನು ಆ ಅಜ್ಜಿ ತನ್ನ ಆಯುಸ್ಸಿನಲ್ಲಿ ಕಂಡಿರಲಿಲ್ಲ.

ಆ ಸರ್ವೆ ಹೇಗೆ ನಡೆಯುತ್ತದೆ ಅಂತ ಗೆಳೆಯರು ತಿಳಿಯಬೇಕು. ಮೊದಲು ಹಗಲು ಹೊತ್ತಿನಲ್ಲಿ ತಜ್ಞನೊಬ್ಬ ಬ್ಯಾಟರಿ ಹಿಡಿದು ಅಟ್ಟ ಹತ್ತುತ್ತಾನೆ. ಹೆಂಚಿನ ಸಂದಿ, ತೊಲೆಯ ಬಿರುಕು, ಚಿಮಣಿಯ ಬುಡ ಎಲ್ಲ ನೋಡುತ್ತಾನೆ. ಹಿಕ್ಕೆ ಬಿದ್ದಿದೆಯೇ, ತಿಂದುಳಿದ ಪತಂಗದ ರೆಕ್ಕೆ ಉದುರಿದೆಯೇ, ಮೈ ಉಜ್ಜಿ ಉಜ್ಜಿ ಗೋಡೆಗೆ ಕಲೆ ಹತ್ತಿದೆಯೇ? ಅನುಮಾನ ಬಂದರೆ ಮೇ ತಿಂಗಳಿಂದ ಸೆಪ್ಟೆಂಬರಿನೊಳಗೆ ಮುಸ್ಸಂಜೆ ಹೊತ್ತು ಮತ್ತೆ ಬರಬೇಕು. ಸೂರ್ಯ ಮುಳುಗುವ ಮುಂಚೆಯೇ ಕಟ್ಟಡದ ಸುತ್ತ ಜನ ನಿಲ್ಲುತ್ತಾರೆ. ಕತ್ತಲಲ್ಲೂ ಕಾಣುವ ಇನ್‌ಫ್ರಾರೆಡ್ ಕ್ಯಾಮೆರಾ ಇಡುತ್ತಾರೆ. ಮನುಷ್ಯನ ಕಿವಿಗೆ ಎಟುಕದ ಕೂಗನ್ನು ಕೇಳಿಸುವ ಡಿಟೆಕ್ಟರ್ ಹಿಡಿಯುತ್ತಾರೆ. ಯಾವ ಸಂದಿಯಿಂದ ಎಷ್ಟು ಬಾವಲಿ ಹೊರಬಿದ್ದವು ಅಂತ ಒಂದೊಂದಾಗಿ ಎಣಿಸುತ್ತಾರೆ. ಅನುಮಾನ ಕಮ್ಮಿಯಿದ್ದರೆ ಒಂದು ರಾತ್ರಿ, ಹೆಚ್ಚಿದ್ದರೆ ಮೂರು ರಾತ್ರಿ, ನಡುವೆ ವಾರಗಳ ಅಂತರ. ಕಾಲ ತಪ್ಪಿದರೆ ಮುಂದಿನ ಬೇಸಿಗೆ ತನಕ ಕಾಯಬೇಕು. ಇಷ್ಟೆಲ್ಲ ಯಾರಿಗಾಗಿ? ಸುಮಾರು 5 ಗ್ರಾಂ ತೂಗುವ, ಬೆಂಕಿಪೊಟ್ಟಣದೊಳಗೆ ಹಿಡಿಸುವ, ವರ್ಷಕ್ಕೆ ಒಂದೇ ಮರಿ ಹಾಕುವ ಪಿಪಿಸ್ಟ್ರೆಲ್ ಎಂಬ ಬಾವಲಿಗಾಗಿ.

1981ರಲ್ಲಿ ಅಲ್ಲಿ ಮಾಡಿದ ವನ್ಯಜೀವಿ ಕಾಯ್ದೆ, ಆಮೇಲೆ 2017ರ ನಿಯಮಗಳು, ಇವುಗಳ ಪ್ರಕಾರ ಬಾವಲಿಯನ್ನು ಕೊಲ್ಲುವುದಷ್ಟೇ ಅಲ್ಲ, ಅದರ ನೆಲೆ ಕೆಡಿಸುವುದೂ ಅಪರಾಧ. ಕೆಡವಲೇಬೇಕಾದರೆ ನ್ಯಾಚುರಲ್ ಇಂಗ್ಲೆಂಡ್ ಎಂಬ ಸರ್ಕಾರಿ ಸಂಸ್ಥೆಯಿಂದ ಲೈಸೆನ್ಸ್ ತರಬೇಕು. ಆ ಸಂಸ್ಥೆ ಕೇಳುತ್ತದೆ: ಈ ಕೆಲಸದಿಂದ ನಿಜಕ್ಕೂ ಸಾರ್ವಜನಿಕರಿಗೆ ಹಿತವುಂಟೇ? ಬೇರೆ ದಾರಿ ಇಲ್ಲವೇ? ಈ ಬಾವಲಿಯ ಸಂತತಿ ಉಳಿಯುತ್ತದೆಯೇ? ಬದಲಿ ನೆಲೆಯ ಏರ್ಪಾಡು ಮಾಡಬೇಕು. ಹೆಂಚನ್ನು ತಜ್ಞರ ಕಣ್ಣೆದುರು ಕೈಯಲ್ಲಿ ಒಂದೊಂದಾಗಿ ತೆಗೆಯಬೇಕು. 2018ರಲ್ಲಿ ಲಂಡನ್ನಿನ ಗ್ರೀನಿಚ್‌ನಲ್ಲಿ ಕಟ್ಟಡ ಕೆಡವುವಾಗ ಬಾವಲಿಯ ನೆಲೆ ಹಾಳುಮಾಡಿದ್ದಕ್ಕೆ ಬೆಲ್‌ವೇ ಹೋಮ್ಸ್ ಎಂಬ ದೊಡ್ಡ ಕಂಪನಿಗೆ 2020ರ ಡಿಸೆಂಬರಿನಲ್ಲಿ ಕೋರ್ಟು 6 ಲಕ್ಷ ಪೌಂಡ್ ದಂಡ ಹಾಕಿತು.

ಈ ಕಾಯ್ದೆಯಲ್ಲಿ ಎರಡು ಮಾತು ನಮ್ಮನ್ನು ನಿದ್ದೆಗೆಡಿಸಿವೆ.

ಒಂದು, ಬಾವಲಿಯ ಹತ್ತಿರ ಯಾರೂ ಹಕ್ಕುಪತ್ರ ಕೇಳುವುದಿಲ್ಲ. ಯಾವಾಗ ಬಂದೆ, ಯಾರ ಅನುಮತಿಯಿಂದ ಬಂದೆ, ರೇಷನ್ ಕಾರ್ಡು ಎಲ್ಲಿ ಅಂತ ಕೇಳುವುದಿಲ್ಲ. ಅಲ್ಲಿ ವಾಸವಿದೆ, ಅಷ್ಟೇ ಸಾಕು. ಸಾಬೀತು ಮಾಡುವ ಭಾರ ಕೆಡವುವವನ ಮೇಲೆ. ನಮ್ಮಲ್ಲಿ ಭಾರವೆಲ್ಲ ಕೆಡವಿಸಿಕೊಳ್ಳುವವನ ತಲೆ ಮೇಲೆ. ಮೂರು ತಲೆಮಾರು ಒಂದೇ ಜಾಗದಲ್ಲಿ ಹುಟ್ಟಿ ಸತ್ತರೂ ಒಂದು ಕಾಗದ ಇಲ್ಲದಿದ್ದರೆ ಅವನು ಅಲ್ಲಿ ಇರಲೇ ಇಲ್ಲ.

ಎರಡು, ಬಾವಲಿ ಇಲ್ಲದಾಗಲೂ ಅದರ ನೆಲೆ ನೆಲೆಯೇ. ಬೇಸಿಗೆಗೆ ಒಂದು ಕಡೆ, ಚಳಿಗೆ ಇನ್ನೊಂದು ಕಡೆ ಅದು ಹೋಗುತ್ತದೆ. ಖಾಲಿ ಬಿದ್ದಿದೆಯೆಂದು ಕೆಡವುವ ಹಾಗಿಲ್ಲ, ಮತ್ತೆ ಬರುತ್ತದೆ ಅಂತ ಕಾಯ್ದೆಗೆ ಗೊತ್ತು. ರಾಯಚೂರು, ಕಲಬುರಗಿ ಕಡೆಯಿಂದ ಗುಳೆ ಹೋದವರ ಗುಡಿಸಲ ಬಾಗಿಲಿಗೆ ಬೀಗ ಬಿದ್ದಿದ್ದರೆ ಅದೂ ಮನೆಯೇ ಅಂತ ಯಾವ ಕಾಯ್ದೆಗೆ ಗೊತ್ತು?

ಇಲ್ಲಿ ಕೆಲವು ಗೆಳೆಯರು ಸಿಟ್ಟಾಗುತ್ತಾರೆ. "ನಮ್ಮನ್ನು ಪ್ರಾಣಿಗೆ ಹೋಲಿಸಿದವರು ಸಾಲದೇ? ನೀವೂ ಹೋಲಿಸಬೇಕೇ?" ಅಂತಾರೆ. ಸಿಟ್ಟು ನ್ಯಾಯವಾದದ್ದು. ನಾವು ಹೋಲಿಸುತ್ತಿರುವುದು ಮನುಷ್ಯನನ್ನೂ ಬಾವಲಿಯನ್ನೂ ಅಲ್ಲ, ಕೆಡವುವ ಕೈಗಳನ್ನು. ಒಂದು ಕೈ ಕೆಡವುವ ಮುಂಚೆ ನಿಂತು ಕೇಳುತ್ತದೆ. ಇನ್ನೊಂದು ಕೇಳುವುದಿಲ್ಲ.

ಹಾಗಂತ ಬಿಳಿಯರ ನಾಡಿಗೆ ಆರತಿ ಎತ್ತುವುದಕ್ಕೂ ನಾವು ಬಂದಿಲ್ಲ. ಸಾಮಾನ್ಯ ಪಿಪಿಸ್ಟ್ರೆಲ್, ಸೊಪ್ರಾನೋ ಪಿಪಿಸ್ಟ್ರೆಲ್ ಎರಡನ್ನೂ ಅಲ್ಲಿ 1990ರ ದಶಕದವರೆಗೆ ಒಂದೇ ಅಂದುಕೊಂಡಿದ್ದರು. ಒಂದರ ಕೂಗು ಸುಮಾರು 45 ಕಿಲೋಹರ್ಟ್ಜ್, ಇನ್ನೊಂದರದು 55. ಕಿವಿಗೊಟ್ಟು ಕೇಳಿದ ಮೇಲೆ ಇವು ಬೇರೆ ಬೇರೆ ಅಂತ ತಿಳಿಯಿತು. ಇಷ್ಟು ಸೂಕ್ಷ್ಮ ಕಿವಿಯಿರುವ ಆ ದೇಶದ ಅದೇ ಲಂಡನ್ನಿನಲ್ಲಿ ಗ್ರೆನ್‌ಫೆಲ್ ಟವರ್ ಎಂಬ 24 ಅಂತಸ್ತಿನ ಕಟ್ಟಡವಿತ್ತು. ಒಳಗಿದ್ದವರಲ್ಲಿ ಬಹಳ ಮಂದಿ ದುಡಿಯುವವರು, ಬೇರೆ ದೇಶಗಳಿಂದ ಬಂದವರು. ಬೆಂಕಿಯ ಅಪಾಯ ಇದೆ ಅಂತ ಅಲ್ಲಿನ ನಿವಾಸಿಗಳು ಮುಂಚೆಯೇ ಕೂಗಿ ಹೇಳಿದ್ದರು. ಆ ಕೂಗು ಕೇಳಲು ಡಿಟೆಕ್ಟರ್ ಬೇಕಿರಲಿಲ್ಲ. 2017ರ ಜೂನ್ 14ರ ರಾತ್ರಿ ಹೊರಗೋಡೆಯ ಹೊದಿಕೆಗೆ ಬೆಂಕಿ ಹತ್ತಿತು. 72 ಮಂದಿ ಸತ್ತರು. ಆ ಹೊದಿಕೆ ಹಾಕುವುದಕ್ಕೂ ಕೌನ್ಸಿಲಿನ ಪರವಾನಗಿ ಇತ್ತು. ಈ ಸಾವುಗಳನ್ನೆಲ್ಲ ತಪ್ಪಿಸಬಹುದಿತ್ತು ಅಂತ ವಿಚಾರಣಾ ಆಯೋಗ 2024ರಲ್ಲಿ ಹೇಳಿತು.

ಹಾಗಾದರೆ ತಪ್ಪು ಬಾವಲಿಯದೇ? ಅಲ್ಲಿಯೂ ಕೆಲವರು ಹಾಗೆ ಹೇಳಲು ಶುರುಮಾಡಿದ್ದಾರೆ. ಹೈಸ್ಪೀಡ್ ರೈಲುದಾರಿಯೊಂದರಲ್ಲಿ ಬಾವಲಿಗಳ ರಕ್ಷಣೆಗೆ ಕಟ್ಟುವ ಒಂದು ಕಿಲೋಮೀಟರ್ ಚಪ್ಪರಕ್ಕೆ 10 ಕೋಟಿ ಪೌಂಡಿಗೂ ಮಿಕ್ಕಿ ಖರ್ಚು ಅಂತ 2024ರಲ್ಲಿ ಆ ಯೋಜನೆಯ ಅಧ್ಯಕ್ಷರೇ ಹೇಳಿದರು. ಪತ್ರಿಕೆಗಳು ಕೂಗಿದವು: ಜನಕ್ಕೆ ಮನೆ ಇಲ್ಲ, ಬಾವಲಿಗೆ ಬಂಗಲೆ! ಖರ್ಚಿನ ಲೆಕ್ಕ ಕೇಳಬೇಕು, ನಿಜ. ಒಂದೇ ಕೋಣೆ ಏರಿಸುವ ಕೂಲಿಕಾರನಿಗೂ ನೂರು ಮನೆ ಕಟ್ಟುವ ಕಂಪನಿಗೂ ಸರ್ವೆಯ ಖರ್ಚು ಒಂದೇ ಥರ ತಟ್ಟುವುದಿಲ್ಲ, ಅದೂ ನಿಜ. ಆದರೆ ಬಾವಲಿಯನ್ನು ಓಡಿಸಿದ ಜಾಗದಲ್ಲಿ ಬಡವನಿಗೆ ಮನೆ ಎದ್ದೀತೆಂದು ಯಾರು ಬರೆದುಕೊಟ್ಟಿದ್ದಾರೆ? ಬಡವನನ್ನೂ ಬಾವಲಿಯನ್ನೂ ಜಗಳಕ್ಕೆ ಬಿಟ್ಟು ಜಾಗ ಹೊಡೆದುಕೊಳ್ಳುವವನು ಮೂರನೆಯವನು. ನಮ್ಮ ಕೋಲಾರದ ಹನುಮನಹಳ್ಳಿಯ ಗುಹೆಯಲ್ಲಿ, ಜಗತ್ತಿನಲ್ಲಿ ಬೇರೆಲ್ಲೂ ಉಳಿದಿರದ ಬಾವಲಿ ಜಾತಿಯೊಂದಿದೆ. ಅದನ್ನು ಅಳಿವಿನ ಅಂಚಿಗೆ ತಂದದ್ದು ಗ್ರಾನೈಟ್ ಗಣಿಗಾರಿಕೆ. ಕಲ್ಲು ಒಡೆದ ಕೈ ನಮ್ಮವರದು, ಲಾಭ ಯಾರದು?

ಪಟ್ಟಿ ಬರೆಯುವ ಕೈಯನ್ನೂ ನಾವು ಮರೆಯಬಾರದು. ಈಗ ಬಾವಲಿಗೆ ರಕ್ಷಣೆಯ ಪಟ್ಟಿ ಬರೆದ ಇದೇ ಇಂಗ್ಲಿಷರು 1871ರಲ್ಲಿ ನಮ್ಮ ಅಲೆಮಾರಿ ಜನಗಳನ್ನು ಹುಟ್ಟಾ ಅಪರಾಧಿಗಳೆಂದು ಪಟ್ಟಿ ಬರೆದವರು. ಆ ಕಾಯ್ದೆ ರದ್ದಾದದ್ದು 1952ರಲ್ಲಿ. ಪಟ್ಟಿ ಬರೆಯುವ ಚಟ ನಮ್ಮವರಿಗೂ ಅಂಟಿತು. 1972ರ ನಮ್ಮ ವನ್ಯಜೀವಿ ಕಾಯ್ದೆ ಹಣ್ಣುಬಾವಲಿಯನ್ನು ಕಾಗೆ, ಇಲಿಗಳ ಜೊತೆ ಪೀಡೆಯ ಪಟ್ಟಿಗೆ ಸೇರಿಸಿತು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿ ಹೋಯಿತು. ಯಾರು ಪೀಡೆ, ಯಾರು ಅಮೂಲ್ಯ ಅನ್ನುವುದು ಹುಟ್ಟಿನಿಂದ ಬರುವುದಿಲ್ಲ, ಯಾರೋ ಬರೆಯುತ್ತಾರೆ. ಬರೆದದ್ದನ್ನು ಅಳಿಸಬಹುದು.

2024ರ ನವೆಂಬರ್ 13ರಂದು ನಮ್ಮ ಸುಪ್ರೀಂ ಕೋರ್ಟು, 15 ದಿನದ ನೋಟೀಸಿಲ್ಲದೆ ಮನೆ ಕೆಡವಬಾರದು ಅಂತ ತೀರ್ಪು ಕೊಟ್ಟಿತು. ಒಳ್ಳೇ ಮಾತು. ಆದರೆ ರಸ್ತೆ, ಫುಟ್‌ಪಾತು, ರೈಲುಹಳಿಯ ಪಕ್ಕದ ಅನಧಿಕೃತ ಕಟ್ಟಡಗಳಿಗೆ ಇದು ಅನ್ವಯಿಸುವುದಿಲ್ಲ ಅಂತಲೂ ಅದರಲ್ಲೇ ಇದೆ. ನಮ್ಮ ಜನ ಇರುವುದು ಇನ್ನೆಲ್ಲಿ?

ಅದಕ್ಕೇ ಗೆಳೆಯರಲ್ಲಿ, ಹಳ್ಳಿಯ ಮೇಷ್ಟ್ರುಗಳಲ್ಲಿ, ಹಾಸ್ಟೆಲಿನ ಹುಡುಗ ಹುಡುಗಿಯರಲ್ಲಿ ಒಂದು ಕೆಲಸ ಕೇಳುತ್ತಿದ್ದೇವೆ. ನಿಮ್ಮೂರಿನ ಒಂದು ಕೊಳೆಗೇರಿಗೆ ಅಥವಾ ಹಟ್ಟಿಗೆ ತೆರವಿನ ಸುದ್ದಿ ಬಂದರೆ ನೋಟೀಸಿಗೆ ಕಾಯಬೇಡಿ. ಒಂದು ನೋಟ್‌ಬುಕ್ ಹಿಡಿದು ಮುಸ್ಸಂಜೆ ಹೊತ್ತು ಅಲ್ಲಿ ಹೋಗಿ ನಿಲ್ಲಿ. ಯಾವ ಬಾಗಿಲೊಳಗೆ ಎಷ್ಟು ಜನ ಕೆಲಸದಿಂದ ಬಂದು ಸೇರುತ್ತಾರೆ, ಯಾವ ಬೀಗದ ಮನೆಯವರು ಗುಳೆ ಹೋಗಿದ್ದಾರೆ, ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾವ ಮಗು ಯಾವ ಶಾಲೆಗೆ ಹೋಗುತ್ತದೆ, ಎಲ್ಲ ಬರೆಯಿರಿ. ಒಂದು ಸಂಜೆ ಸಾಲದಿದ್ದರೆ ಮೂರು ಸಂಜೆ ಹೋಗಿ. ಬರೆದದ್ದನ್ನು ತಾಸೀಲ್ದಾರರ ಮೇಜಿನ ಮೇಲೆ ಇಟ್ಟು ಸಹಿ ಹಾಕಿಸಿಕೊಳ್ಳಿ. ಅವರು ಸಹಿ ಹಾಕದಿದ್ದರೆ ಅದನ್ನೂ ಬರೆದಿಡಿ.