ಟಿಕೆಟ್ಟಿಗೆ ಹಣವಿಲ್ಲದವನ ಮಾತು

ಟಿಕೆಟ್ಟಿಗೆ ಕೊಡಲು ಕೈಯಲ್ಲಿ ಹಣವಿಲ್ಲ ಎನ್ನುವ ಪ್ರಯಾಣಿಕನೊಬ್ಬ ಬಸ್ಸಿನಲ್ಲಿ ಸಿಕ್ಕಿದಾಗ ನಿರ್ವಾಹಕನು ಏನು ಮಾಡಬೇಕು? ಇಳಿಸಬೇಕೇ, ಕೂರಿಸಿಕೊಂಡು ಹೋಗಬೇಕೇ? ನಮ್ಮ ನಗರದಲ್ಲಿ ದಿನವೂ ಬಸ್ಸು ಹತ್ತುವ ನೀವು ಈ ಪ್ರಶ್ನೆಯನ್ನು ಕೇಳಿಕೊಂಡಿದ್ದೀರೋ ಇಲ್ಲವೋ ನಾನರಿಯೆ. ಪ್ರಶ್ನೆ ಹತ್ತು ಹದಿನೈದು ರೂಪಾಯಿಯದು. ಆದರೆ ನ್ಯಾಯ ಎಲ್ಲಿ ಮುಗಿಯುತ್ತದೆ, ದಯೆ ಎಲ್ಲಿ ಆರಂಭವಾಗುತ್ತದೆ ಎಂಬ ಬಹಳ ಹಳೆಯ ಚರ್ಚೆಯೊಂದು ಆ ಹತ್ತು ರೂಪಾಯಿಯೊಳಗೆ ಅಡಗಿ ಕುಳಿತಿದೆ.

ಸ್ಟೇಟ್ ಬ್ಯಾಂಕ್ ನಿಲ್ದಾಣದಿಂದ ಹೊರಟ ಬಸ್ಸು ಹಂಪನಕಟ್ಟೆ, ಜ್ಯೋತಿ, ಬಂಟ್ಸ್ ಹಾಸ್ಟೆಲ್ ದಾಟಿ ಮಲ್ಲಿಕಟ್ಟೆಯ ಮೂಲಕ ಕದ್ರಿಯ ಏರನ್ನು ಹತ್ತುತ್ತದೆ. ಅಂಥದೊಂದು ಬಸ್ಸಿನಲ್ಲಿ ಕಂಡದ್ದನ್ನು ಹೇಳುತ್ತೇನೆ. ಸಂಜೆಯ ಹೊತ್ತು, ಬಸ್ಸು ತುಂಬಿತ್ತು. ಸಿಮೆಂಟಿನ ಧೂಳು ಮೆತ್ತಿದ ಅಂಗಿಯ ಒಬ್ಬ ಕೂಲಿಯಾಳು ಅಂಗೈಯಲ್ಲಿದ್ದ ನಾಣ್ಯಗಳನ್ನು ಮುಂದೆ ಚಾಚಿ, "ಇಷ್ಟೇ ಐತ್ರಿ ಅಣ್ಣಾ, ನಾಳಿ ಕೊಡ್ತೀನ್ರಿ" ಎಂದ. ಐದು ರೂಪಾಯಿ ಕಡಿಮೆ ಇತ್ತು. "ದುಡ್ಡಿಲ್ಲದೆ ಯಾಕೆ ಹತ್ತುವುದು? ಇಳಿ, ಇಳಿ" ಎಂಬ ಉತ್ತರ ಬಂತು, ಮುಂದಿನ ನಿಲ್ದಾಣದಲ್ಲಿ ಅವನು ಇಳಿದ. ಎರಡು ನಿಲ್ದಾಣಗಳ ಬಳಿಕ, ಇಸ್ತ್ರಿ ಹಾಕಿದ ಅಂಗಿಯ ಮತ್ತೊಬ್ಬರ ಮೊಬೈಲಿನಿಂದ ಹಣ ಪಾವತಿಯಾಗಲಿಲ್ಲ. ಜೇಬಿನಲ್ಲಿ ನಗದು ಇರಲಿಲ್ಲ. ಅದೇ ನಿರ್ವಾಹಕ ನಕ್ಕು, "ಇರಲಿ ಸಾರ್, ಇನ್ನೊಮ್ಮೆ ಸಿಕ್ಕಿದಾಗ ಕೊಡಿ" ಎಂದ. ಬಿಳಿ ನಿಲುವಂಗಿ ತೊಟ್ಟ ನನಗೂ ಇಂಥ ಸೌಜನ್ಯ ಹಲವು ಬಾರಿ ಸಿಕ್ಕಿದೆ. ಐನೂರರ ನೋಟಿಗೆ ಚಿಲ್ಲರೆ ಇಲ್ಲದಾಗ, "ನಾಳೆ ಕೊಡಿ ಫಾದರ್" ಎಂದವರೇ ಹೆಚ್ಚು.

ಈ ನಿರ್ವಾಹಕನನ್ನು ಕ್ರೂರಿ ಎಂದು ತೀರ್ಮಾನಿಸುವ ಮೊದಲು ಅವನ ಸ್ಥಾನದಲ್ಲಿ ನಿಂತು ನೋಡೋಣ. 1914ರಲ್ಲಿ ವಿ. ಎಸ್. ಕುಡ್ವರು ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿಯನ್ನು ಆರಂಭಿಸಿದ ಕಾಲದಿಂದಲೂ ಈ ಜಿಲ್ಲೆಯ ಜನಸಂಚಾರ ಬಹುಮಟ್ಟಿಗೆ ಖಾಸಗಿ ಬಸ್ಸುಗಳನ್ನೇ ನಂಬಿಕೊಂಡು ಬಂದಿದೆ. ನಗರದೊಳಗಂತೂ ಇಂದಿಗೂ ಅವುಗಳದ್ದೇ ಕಾರುಬಾರು. ಹಿಂದಿನ ಬಸ್ಸು ಎಷ್ಟು ನಿಮಿಷದಲ್ಲಿ ಬರುತ್ತದೆ, ಮುಂದಿನದು ಎಷ್ಟು ಜನರನ್ನು ಹೆಕ್ಕಿಕೊಂಡು ಹೋಯಿತು ಎಂಬ ಲೆಕ್ಕದಲ್ಲೇ ಚಾಲಕ ನಿರ್ವಾಹಕರ ದಿನ ಕಳೆಯುತ್ತದೆ. ಸಂಜೆ ಕಲೆಕ್ಷನ್ ಕಡಿಮೆಯಾದರೆ ಮಾಲಕರ ಮುಂದೆ ಉತ್ತರಿಸಬೇಕಾದವನು ಅವನೇ.

ಸರಕಾರಿ ಬಸ್ಸಿನ ನಿರ್ವಾಹಕನ ಸ್ಥಿತಿ ಇನ್ನೂ ಬಿಗಿಯಾದದ್ದು. 1988ರ ಮೋಟಾರು ವಾಹನ ಕಾಯಿದೆಯು ಟಿಕೆಟಿಲ್ಲದೆ ಪ್ರಯಾಣಿಸುವುದನ್ನು ತಪ್ಪೆಂದು ಹೇಳುವ 178ನೆಯ ಕಲಮಿನಲ್ಲಿಯೇ, ಹಣ ಪಡೆದು ಟಿಕೆಟ್ ಕೊಡುವ ಕರ್ತವ್ಯದಲ್ಲಿ ತಪ್ಪುವ ನಿರ್ವಾಹಕನಿಗೂ ದಂಡ ವಿಧಿಸಿದೆ. ನಮ್ಮ ರಾಜ್ಯದ ಸಾರಿಗೆ ನಿಗಮದ ನಿರ್ವಾಹಕರೊಬ್ಬರ ವಜಾ ಪ್ರಕರಣದಲ್ಲಿ 2001ರಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟು, ಬಹಳ ಮಂದಿಗೆ ಟಿಕೆಟ್ ಕೊಡದ ಅಥವಾ ತಿಳಿದೂ ಕಡಿಮೆ ದರದ ಟಿಕೆಟ್ ಕೊಡುವ ನಿರ್ವಾಹಕರ ಮೇಲೆ ಕಾರ್ಮಿಕ ನ್ಯಾಯಾಲಯಗಳು ತೋರುವ ಅನುಕಂಪ ಅಸ್ಥಾನದ್ದೆಂದು ಹೇಳಿತು. ತನಿಖಾ ಸಿಬ್ಬಂದಿ ಬಸ್ಸು ಹತ್ತಿದಾಗ ಟಿಕೆಟಿಲ್ಲದೆ ಕುಳಿತವನೊಬ್ಬ ಕಣ್ಣಿಗೆ ಬಿದ್ದರೆ, ಅದು ದಯೆಯೋ ಮೋಸವೋ ಎಂದು ಹೊರಗಿನಿಂದ ತಿಳಿಯುವ ಉಪಾಯವಿಲ್ಲ. ಎರಡೂ ನೋಡಲು ಒಂದೇ ರೀತಿ ಇರುತ್ತವೆ.

ಇಲ್ಲಿರುವ ನಿಜವಾದ ತೊಡಕನ್ನು ಗಮನಿಸಿ. ದಯೆ ತೋರಬೇಕೆಂದು ನಾವು ಕೇಳುವುದು ನಿರ್ವಾಹಕನನ್ನು. ಆದರೆ ಚೀಲದಲ್ಲಿರುವ ಹಣ ಅವನದಲ್ಲ. ಲೂಕನ ಶುಭಸಂದೇಶದ ಹದಿನಾರನೆಯ ಅಧ್ಯಾಯದಲ್ಲಿ ಬರುವ ಮೇಸ್ತ್ರಿ ಯಜಮಾನನ ಸಾಲಗಾರರನ್ನು ಕರೆದು ಪತ್ರದಲ್ಲಿ ಸಾಲದ ಮೊತ್ತವನ್ನು ತಗ್ಗಿಸಿ ಬರೆಸುತ್ತಾನೆ. ಪರರ ಹಣದಲ್ಲಿ ಉದಾರಿಯಾಗುವುದು ಎಷ್ಟು ಸುಲಭವೆಂದು ಆ ಸಾಮತಿ ಕೇಳಿದ ಯಾರಿಗೂ ಅರ್ಥವಾಗುತ್ತದೆ. ತನ್ನದೇ ಜೇಬಿನಿಂದ ಆ ಐದು ರೂಪಾಯಿಯನ್ನು ಹಾಕಿ ಟಿಕೆಟ್ ಹರಿದು ಕೊಡುವ ನಿರ್ವಾಹಕರೂ ನಮ್ಮ ನಡುವೆ ಇದ್ದಾರೆ. ಅವರಿಗೆ ನಮಸ್ಕಾರ. ಆದರೆ ಅದು ಅವರ ಔದಾರ್ಯ. ಅದನ್ನೇ ಕರ್ತವ್ಯವೆಂದು ದಿನಗೂಲಿಯ ಮನುಷ್ಯನ ಮೇಲೆ ಹೇರುವ ಅಧಿಕಾರ ಕಿಟಕಿ ಪಕ್ಕದಲ್ಲಿ ಆರಾಮವಾಗಿ ಕುಳಿತ ನಮಗೆ ಇಲ್ಲ.

ಹಾಗಾದರೆ ಆ ಸಂಜೆ ಅನ್ಯಾಯವೇ ನಡೆಯಲಿಲ್ಲವೇ? ನಡೆಯಿತು. ಆದರೆ ಅದು ಕೂಲಿಯಾಳನ್ನು ಇಳಿಸಿದ ಕ್ಷಣದಲ್ಲಿ ಪೂರ್ತಿಯಾಗಿ ಕಾಣಿಸಲಿಲ್ಲ. ಎರಡು ನಿಲ್ದಾಣಗಳ ಬಳಿಕ ಇನ್ನೊಬ್ಬರನ್ನು ಇಳಿಸದೆ ಬಿಟ್ಟಾಗ ಕಾಣಿಸಿತು. ಇಬ್ಬರ ಬಳಿಯೂ ಹಣವಿರಲಿಲ್ಲ. ಇಬ್ಬರೂ ಆಮೇಲೆ ಕೊಡುತ್ತೇವೆಂದರು. ಹಾಗೆ ನೋಡಿದರೆ ಮುಕ್ಕಾಲು ಪಾಲು ಹಣ ಕೊಡಲು ಸಿದ್ಧನಿದ್ದವನು ಕೂಲಿಯಾಳು. ನಿರ್ವಾಹಕ ಒಬ್ಬನ ಮಾತನ್ನು ನಂಬಿದ, ಇನ್ನೊಬ್ಬನ ಮಾತನ್ನು ನಂಬಲಿಲ್ಲ. ನಂಬಿಕೆಗೆ ಆಧಾರವಾದದ್ದು ಅಂಗಿ.

ನಮ್ಮ ಭಾಷೆಯಲ್ಲಿ ಇದಕ್ಕೆ ಮುಖದಾಕ್ಷಿಣ್ಯ ಎಂಬ ಸೊಗಸಾದ ಪದವಿದೆ. ಗುರುಮಠದಲ್ಲಿ ನೀತಿಶಾಸ್ತ್ರ ಓದಿದವರಿಗೆಲ್ಲ ಪರಿಚಿತವಾದ ಒಂದು ಪ್ರಕರಣವನ್ನು ಸಂತ ತೋಮಾಸ್ ಅಕ್ವಿನಾಸರು ಇದಕ್ಕಾಗಿಯೇ ಮೀಸಲಿಟ್ಟಿದ್ದಾರೆ. ವಿದ್ಯೆಯನ್ನು ನೋಡಿ ಒಬ್ಬನನ್ನು ಅಧ್ಯಾಪಕನನ್ನಾಗಿ ಮಾಡಿದರೆ ಅದು ಸರಿ. ಅವನು ಪೇತ್ರನೋ ಮಾರ್ಟಿನನೋ ಎಂಬುದನ್ನು ನೋಡಿ ಮಾಡಿದರೆ ಅದು ಪಕ್ಷಪಾತ ಎಂಬುದು ಅವರ ವಿವರಣೆಯ ತಿರುಳು. ವಿಷಯಕ್ಕೆ ಸಂಬಂಧಪಡದ ಗುಣವನ್ನು ತಕ್ಕಡಿಯಲ್ಲಿ ಹಾಕುವುದೇ ತಪ್ಪು. ಸಾಲ ಮರಳಿಸುವ ಪ್ರಾಮಾಣಿಕತೆಗೂ ಅಂಗಿಯ ಇಸ್ತ್ರಿಗೂ ಏನು ಸಂಬಂಧ? ಸಂತ ಯಕೋಬರ ಪತ್ರದ ಎರಡನೆಯ ಅಧ್ಯಾಯದಲ್ಲಿ ಚಿನ್ನದ ಉಂಗುರದವನಿಗೆ ಒಳ್ಳೆಯ ಆಸನ, ಕೊಳಕು ಬಟ್ಟೆಯವನಿಗೆ ಕಾಲಬುಡದ ಜಾಗ ದೊರೆಯುವ ಸಭೆಯೊಂದರ ಚಿತ್ರವಿದೆ. ಆ ಸಭೆಯಲ್ಲಿ ಬಸ್ಸಿನವರು ಇರಲಿಲ್ಲ. ಇದ್ದವರು ನಮ್ಮಂಥ ವಿಶ್ವಾಸಿಗಳೇ.

ಇನ್ನೊಂದು ಕಡೆಯನ್ನೂ ಹೇಳಬೇಕು. ಅದೇ ಬೈಬಲಿನ ಯಾಜಕಕಾಂಡದಲ್ಲಿ, ನ್ಯಾಯ ತೀರಿಸುವಾಗ ಬಡವನೆಂದು ಪಕ್ಷ ವಹಿಸಬಾರದು, ದೊಡ್ಡವನೆಂದು ಓಲೈಸಲೂಬಾರದು ಎಂಬ ವಿಧಿಯಿದೆ. ಕೆಲವರಿಗೆ ಇದರ ಮೊದಲ ಅರ್ಧ ಮಾತ್ರ ನೆನಪಿರುತ್ತದೆ, ಕೆಲವರಿಗೆ ಎರಡನೆಯದು ಮಾತ್ರ. ಎಲ್ಲರನ್ನೂ ಪುಕ್ಕಟೆ ಕೂರಿಸು ಎಂದು ನಾನು ನಿರ್ವಾಹಕನಿಗೆ ಹೇಳುತ್ತಿಲ್ಲ. ದಿನವೂ ಬೇಕೆಂದೇ ಹಣವಿಲ್ಲವೆಂದು ಹೇಳಿ ತಪ್ಪಿಸಿಕೊಳ್ಳುವ ಚತುರರೂ ಇದ್ದಾರೆ, ಅವರು ಬಡವರೇ ಆಗಿರಬೇಕೆಂದಿಲ್ಲ. ಕಠಿಣನಾಗುವುದಾದರೆ ಇಬ್ಬರಲ್ಲೂ ಕಠಿಣನಾಗಲಿ, ನಂಬುವುದಾದರೆ ಇಬ್ಬರನ್ನೂ ನಂಬಲಿ ಎಂಬಷ್ಟೇ ನನ್ನ ವಾದ. ಏಕವಚನದ "ಇಳಿ" ಎಂಬುದಂತೂ ಯಾವ ಕಾಯಿದೆಯಲ್ಲೂ ಇಲ್ಲ. ಹಣ ಮಾಲಕರದ್ದಾಗಿರಬಹುದು, ನಾಲಗೆ ನಿರ್ವಾಹಕನದ್ದೇ.

ಇದಕ್ಕೊಂದು ಅಪವಾದವಿದೆ, ಅದರಲ್ಲಿ ಸಮಾನತೆಯ ಮಾತೂ ಹಿಂದೆ ಸರಿಯಬೇಕು. ಶಾಲೆಯ ಮಗು, ವಯಸ್ಸಾದವರು, ರೋಗಿ, ರಾತ್ರಿ ಹೊತ್ತಿನ ಒಂಟಿ ಹೆಂಗಸು, ಇವರನ್ನು ಹಣವಿಲ್ಲವೆಂದು ನಡುದಾರಿಯಲ್ಲಿ ಇಳಿಸುವಂತಿಲ್ಲ. ಬಾಕಿ ಇರುವುದು ಹತ್ತು ರೂಪಾಯಿ. ಇಳಿಸಿದರೆ ಪಣಕ್ಕೆ ಬೀಳುವುದು ಒಂದು ಜೀವ. ಆಷಾಢದ ಮಳೆಯಲ್ಲಿ ನಂತೂರಿನ ವೃತ್ತದ ಬಳಿ, ಹೆದ್ದಾರಿಯ ಲಾರಿಗಳ ನಡುವೆ, ದಾರಿ ತಿಳಿಯದ ಒಂದು ಮಗುವನ್ನು ಇಳಿಸಿ ಹೋದದ್ದನ್ನು ಕಲ್ಪಿಸಿಕೊಳ್ಳಿ. ಹಣದ ಬಾಕಿಯನ್ನು ಹಣದಲ್ಲಿ ವಸೂಲು ಮಾಡಬಹುದೇ ಹೊರತು ಭಯದಲ್ಲಿ ಮಾಡುವಂತಿಲ್ಲ. ಕಾಯಿದೆ ಬರೆದವನಿಗೆ ಎಲ್ಲ ಸಂದರ್ಭಗಳೂ ಮುಂಚಿತವಾಗಿ ಕಾಣುವುದಿಲ್ಲ. ಅವನು ಇಲ್ಲಿ ನಿಂತಿದ್ದರೆ ಏನು ಹೇಳುತ್ತಿದ್ದನೋ ಅದನ್ನು ಮಾಡುವುದೇ ನಿಜವಾದ ನ್ಯಾಯ ಎಂದು ಯೇಸುಕ್ರಿಸ್ತರಿಗಿಂತ ಮುನ್ನೂರು ವರ್ಷಗಳಿಗೂ ಹಿಂದೆ ಅರಿಸ್ಟಾಟಲ್ ವಾದಿಸಿದ್ದ. ನಮ್ಮ ಬಸ್ಸಿನವರಿಗೆ ಇದು ತಿಳಿಯದ್ದೇನಲ್ಲ. 2024ರಲ್ಲಿ ಮಂಗಳೂರಿನ ಖಾಸಗಿ ಸಿಟಿ ಬಸ್ಸೊಂದರಲ್ಲಿ ವಿದ್ಯಾರ್ಥಿನಿಯೊಬ್ಬಳು ಅಸ್ವಸ್ಥಳಾದಾಗ, ಚಾಲಕ ನಿರ್ವಾಹಕರು ದಾರಿ ಬಿಟ್ಟು ಬಸ್ಸನ್ನು ಪ್ರಯಾಣಿಕರ ಸಮೇತ ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಯ ಅಂಗಳಕ್ಕೇ ಓಡಿಸಿದರು. ಆಗ ಟೈಮಿಂಗ್ ಏನಾಯಿತು, ಕಲೆಕ್ಷನ್ ಎಷ್ಟು ತಪ್ಪಿತು ಎಂದು ಅವರು ಲೆಕ್ಕ ಹಾಕುತ್ತ ಕೂರಲಿಲ್ಲ.

ಆದರೆ ಎಲ್ಲವನ್ನೂ ಒಬ್ಬ ನಿರ್ವಾಹಕನ ಹೃದಯಕ್ಕೆ ಬಿಟ್ಟುಬಿಡುವ ಸಮಾಜ ತನ್ನ ಹೊಣೆಯನ್ನು ಜಾರಿಸಿಕೊಂಡಂತೆ. 2023ರ ಜೂನ್ 11ರಂದು ನಮ್ಮ ರಾಜ್ಯದಲ್ಲಿ ಶಕ್ತಿ ಯೋಜನೆ ಆರಂಭವಾಯಿತು. ಅದರ ಲಾಭ ನಷ್ಟದ ರಾಜಕೀಯ ಚರ್ಚೆ ಇಲ್ಲಿ ಬೇಡ. ನನ್ನ ಗಮನ ಸೆಳೆದದ್ದು ಅದರ ಒಂದು ಸಣ್ಣ ಅಂಶ: ರಾಜ್ಯದ ಹೆಣ್ಣುಮಗಳು ಸರಕಾರದ ಸಾಮಾನ್ಯ ಬಸ್ಸು ಹತ್ತಿದರೆ ನಿರ್ವಾಹಕ ಅವಳಿಗೂ ಟಿಕೆಟ್ ಕೊಡುತ್ತಾನೆ. ಅದರಲ್ಲಿ ದರ ಸೊನ್ನೆ. ಆ ಟಿಕೆಟ್ಟಿನ ಲೆಕ್ಕದಲ್ಲಿ ಸರಕಾರ ನಿಗಮಕ್ಕೆ ಹಣ ತುಂಬಿಕೊಡುತ್ತದೆ. ಅಂದರೆ ಅವಳು ಬೇಡುವುದಿಲ್ಲ, ಅವನು ದಾನ ಮಾಡುವುದಿಲ್ಲ, ತನಿಖೆಯವರು ಬಂದರೂ ಯಾರೂ ತಲೆ ತಗ್ಗಿಸಬೇಕಾಗಿಲ್ಲ. ಖಾಸಗಿ ಬಸ್ಸುಗಳಿಗೆ ಆ ಯೋಜನೆ ಅನ್ವಯಿಸದ ಕಾರಣ, ಕದ್ರಿಯಿಂದ ಸ್ಟೇಟ್ ಬ್ಯಾಂಕಿಗೆ ಖಾಸಗಿ ಸಿಟಿ ಬಸ್ಸಿನಲ್ಲಿ ಮನೆಗೆಲಸಕ್ಕೆ ಹೋಗುವ ಹೆಂಗಸು ತನ್ನ ಸಂಪಾದನೆಯಿಂದ ಹಣ ತೆತ್ತೇ ಹೋಗಬೇಕು. ಯುರೋಪಿನ ಪುಟ್ಟ ದೇಶ ಲಕ್ಸೆಂಬರ್ಗ್ 2020ರಲ್ಲಿ ಇಡೀ ದೇಶದ ಬಸ್ಸು, ರೈಲು, ಟ್ರಾಮ್‌ಗಳನ್ನು ಎಲ್ಲರಿಗೂ ಉಚಿತ ಮಾಡಿತು. ಶ್ರೀಮಂತ ದೇಶ, ಅದಕ್ಕೆ ಸಾಧ್ಯವಾಯಿತು ಎನ್ನಬಹುದು. ನಿಜವೇ.

ನಮ್ಮಲ್ಲಿ ಸಾಧ್ಯವಿರುವುದು ಯಾವುದು? ಈ ಪತ್ರಿಕೆ ತಲುಪುವ ಮನೆಗಳಲ್ಲಿ ಬಸ್ಸಿನ ಮಾಲಕರೂ ಇದ್ದಾರೆ, ಚಾಲಕ ನಿರ್ವಾಹಕರ ಮನೆಯವರೂ ಇದ್ದಾರೆ, ಬಸ್ಸನ್ನೇ ನಂಬಿದ ಪ್ರಯಾಣಿಕರಂತೂ ಇದ್ದೇ ಇದ್ದಾರೆ. ಪ್ರಯಾಣಿಕರಾದ ನಾವು ಮೊದಲು ಬಾಯಿ ತೆರೆಯಬಹುದು. "ಅವರದ್ದೂ ಇದರಲ್ಲೇ ತೆಗೆದುಕೊಳ್ಳಿ" ಎಂಬ ನಾಲ್ಕು ಮಾತು ಸಾಕು. ಅದನ್ನು ಬಸ್ಸಿಗೆಲ್ಲ ಕೇಳುವಂತೆ ಹೇಳಬೇಕಾಗಿಲ್ಲ. ಆದರೆ ಮಾಲಕರು ಮಾಡಬಹುದಾದದ್ದು ಇದಕ್ಕಿಂತ ದೊಡ್ಡದು.

ಬಸ್ಸಿನಲ್ಲಿ ಚಿಲ್ಲರೆ ಇಲ್ಲದಾಗ ನಿರ್ವಾಹಕ ಟಿಕೆಟ್ಟಿನ ಹಿಂಬದಿಯಲ್ಲಿ ಬಾಕಿ ಬರೆದುಕೊಡುವ ಪದ್ಧತಿಯನ್ನು ನೀವು ಬಲ್ಲಿರಿ. ಇಳಿಯುವಾಗ ಕೇಳಿ ಪಡೆಯಬೇಕು. ಎಷ್ಟೋ ಮಂದಿ ಮರೆತು ಇಳಿದುಬಿಡುತ್ತಾರೆ. 2019ರಲ್ಲಿ ಬೆಂಗಳೂರಿನ ಬಿಎಂಟಿಸಿ ಬಸ್ಸಿನಲ್ಲಿ ಒಂದು ರೂಪಾಯಿ ಚಿಲ್ಲರೆ ಮರಳಿ ಸಿಗದ ಪ್ರಯಾಣಿಕರೊಬ್ಬರು ಗ್ರಾಹಕರ ಆಯೋಗದ ಮೆಟ್ಟಿಲೇರಿ 2,000 ರೂಪಾಯಿ ಪರಿಹಾರದ ಆದೇಶ ಪಡೆದರು. ಒಂದು ರೂಪಾಯಿಗೆ ಇಷ್ಟು ಹಟವೇ ಎಂದು ನಕ್ಕವರಿದ್ದಾರೆ. ನಾನು ನಗಲಾರೆ. ಪೆನ್ನಿನಲ್ಲಿ ಗೀಚಿದ ಆ ಅಂಕೆಯನ್ನು ನಂಬಿ ನಾವೆಲ್ಲ ದಿನವೂ ಬಸ್ಸಿನವರಿಗೆ ಸಾಲ ಕೊಡುತ್ತಿದ್ದೇವೆ, ಅವರ ಮುಖ ನೋಡದೆ, ಅಂಗಿ ನೋಡದೆ. ಅದೇ ಬಾಕಿಯನ್ನು ತಿರುಗಿಸಿ ಬರೆಯಲು ಏನು ಅಡ್ಡಿ? ಹಣ ಸಾಲದೆ ಬಂದವನಿಗೆ ಪೂರ್ತಿ ಟಿಕೆಟ್ ಕೊಟ್ಟು, ಅವನಿಂದ ಬರಬೇಕಾದ ಐದು ರೂಪಾಯಿಯನ್ನು ಹಿಂಬದಿಯಲ್ಲಿಯೂ ತನ್ನ ದಿನದ ಲೆಕ್ಕದಲ್ಲಿಯೂ ಬರೆದುಕೊಳ್ಳಲು ನಿರ್ವಾಹಕನಿಗೆ ಮಾಲಕರು ಅನುಮತಿ ಕೊಡಬೇಕು. ದಿನಕ್ಕೆ ಇಷ್ಟು ಎಂಬ ಮಿತಿ ಇರಲಿ. ಆಗ ದಯೆ ಕಳ್ಳತನದಂತೆ ಕಾಣುವುದಿಲ್ಲ, ನಿರ್ವಾಹಕನ ಕೂಲಿಗೂ ಕತ್ತರಿ ಬೀಳುವುದಿಲ್ಲ.

ಹೀಗೆ ಬರೆದುಕೊಟ್ಟದ್ದರಲ್ಲಿ ಎಷ್ಟು ಮರಳಿ ಬಂದೀತು ಎಂದು ಮಾಲಕರು ಕೇಳಿಯಾರು. ನ್ಯಾಯವಾದ ಪ್ರಶ್ನೆ. ಯಾರಾದರೂ ಒಬ್ಬರು ತಮ್ಮ ಒಂದು ಬಸ್ಸಿನಲ್ಲಿ ಒಂದು ತಿಂಗಳು ಲೆಕ್ಕ ಇಟ್ಟು ನೋಡಬಹುದು.