ಕೊಲೆಯ ನಂತರದ 'ಆದರೆ'

2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿನಗರದಲ್ಲಿ, ತಮ್ಮ ಮನೆಯ ಬಾಗಿಲಲ್ಲಿಯೇ ಪತ್ರಕರ್ತೆ ಗೌರಿ ಲಂಕೇಶ್ ಗುಂಡಿಗೆ ಬಲಿಯಾದರು. ಆಯನೂರು ಸೀಮೆಯ ಸದ್ಭಕ್ತರಿಗೆ ಆ ಮನೆತನ ಪರಕೀಯವಲ್ಲ, ತಂದೆ ಪಿ. ಲಂಕೇಶ್ ನಮ್ಮ ಶಿವಮೊಗ್ಗ ತಾಲ್ಲೂಕಿನ ಕೊನಗವಳ್ಳಿಯವರು. ಕೋಮು ಸೌಹಾರ್ದಕ್ಕಾಗಿ ಬೀದಿಗಿಳಿದ, ನಕ್ಸಲರು ಶಸ್ತ್ರ ತ್ಯಜಿಸಿ ಮರಳಿ ಬರಲೆಂದು ಶ್ರಮಿಸಿದ ಹೆಣ್ಣುಮಗಳಿಗೆ ಶಸ್ತ್ರವೇ ಉತ್ತರವಾಯಿತು.

ಅಂದಿನಿಂದ ಸಜ್ಜನರ ಬಾಯಲ್ಲಿಯೂ ಒಂದು ಮಾತು ಕೇಳಿಬರುತ್ತದೆ: ಕೊಂದದ್ದು ತಪ್ಪು, ಆದರೆ ಆಕೆಯ ಬರಹ ಕಟುವಾಗಿತ್ತಲ್ಲವೆ? ಈ 'ಆದರೆ' ಎಂಬುದನ್ನು ಪರೀಕ್ಷಿಸಬೇಕಾಗಿದೆ. ಅದು ಕೊಲೆಯ ಪಾಪದಲ್ಲಿ ಒಂದು ಪಾಲನ್ನು ಸತ್ತವರ ಹೆಗಲಿಗೇ ಹೊರಿಸುತ್ತದೆ. ಬರಹ ಕಟುವಾಗಿತ್ತು, ನಿಜ. ಅದಕ್ಕೆ ನ್ಯಾಯಾಲಯವಿದೆ, 2016ರಲ್ಲಿ ಮಾನಹಾನಿ ಪ್ರಕರಣವೊಂದರಲ್ಲಿ ಅವರಿಗೆ ಶಿಕ್ಷೆಯನ್ನೂ ವಿಧಿಸಿತ್ತು. ಕಟುತ್ವವೇ ಕಾರಣವೆನ್ನುವುದಾದರೆ, 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಹತರಾದ ಡಾ. ಎಂ. ಎಂ. ಕಲಬುರ್ಗಿಯವರ ಬಗೆಗೆ ಏನು ಹೇಳೋಣ? ಅವರ ಆಯುಷ್ಯದ ಬಹುಪಾಲು ಶಾಸನ, ಹಸ್ತಪ್ರತಿ, ವಚನಸಂಪಾದನೆಗಳಲ್ಲಿ ಕಳೆದದ್ದು. ಎರಡೂ ಕೊಲೆಗಳಲ್ಲಿ ಬಳಕೆಯಾದದ್ದು ಒಂದೇ ಪಿಸ್ತೂಲೆಂದು ವಿಧಿವಿಜ್ಞಾನ ಪರೀಕ್ಷೆ ಹೇಳಿತು.

ಇಂಥ ಹತ್ಯೆಯ ಬಹುಕಾಲದ ಫಲ ಅಂಜಿಕೆ. ಅದನ್ನು ಮೊದಲು ಬಿತ್ತಿದವರು ಕೊಲೆಗಾರರೇ ಎನ್ನಲಾಗದು. 1989ರಲ್ಲಿ 'ಮಾರ್ಗ'ದ ಬರಹಕ್ಕಾಗಿ ಕಲಬುರ್ಗಿಯವರ ಮೇಲೆ ಒತ್ತಡ ತಂದು, ಬರೆದದ್ದನ್ನು ಹಿಂದೆಗೆಸಿದ್ದು ನಮ್ಮದೇ ಸಮಾಜ. ಮಠಗಳೂ ಅದರಿಂದ ಹೊರತಾಗಿರಲಿಲ್ಲ. ಪ್ರಮಾಣಕ್ಕೆ ಪ್ರತಿಪ್ರಮಾಣವನ್ನು ಒಡ್ಡುವುದು ನಮ್ಮ ಶಾಸ್ತ್ರಪದ್ಧತಿ. ಅಂದು ಬಂದೂಕಿರಲಿಲ್ಲ, ಅಷ್ಟಾದರೂ ಕುಟುಂಬದ ಜೀವಕ್ಕಾಗಿ ಮಣಿದೆನೆಂದೂ, ಆ ದಿನ ಬೌದ್ಧಿಕವಾಗಿ ಸತ್ತೆನೆಂದೂ ಆ ವಿದ್ವಾಂಸರು ಹೇಳಿಕೊಂಡರು.